ಸೋತ ಆಟವೂ ಪಾಠ

ಅಕ್ಕಂದಿರೇ, ನಮ್ಮ ಮನ್ನಳ್ಳಿಯಲ್ಲಿ ಯಾರಾದರೂ ಚದುರಂಗ ಆಡುವುದನ್ನು ನೋಡಿದ್ದೀರಾ? ಮಣೆಯಲ್ಲಿ 64 ಮನೆ. ಒಬ್ಬೊಬ್ಬರಿಗೆ 16 ಕಾಯಿ. ಎದುರಿನ ರಾಜ ತಪ್ಪಿಸಿಕೊಳ್ಳದಂತೆ ಹಿಡಿದವರು ಗೆದ್ದರು.

ಜಾಣ ಆಟಗಾರ್ತಿ ಕಾಯಿ ಮುಟ್ಟುವ ಮೊದಲು ಯೋಚಿಸುತ್ತಾಳೆ: "ನಾನು ಹೀಗೆ ನಡೆಸಿದರೆ ಅವರೇನು ಮಾಡ್ತಾರೆ?" ಎದುರಿಗೆ ಒಂದು ಕಾಲಾಳು ನಿಂತಿದೆ ಅನ್ನಿ. ನಮ್ಮ ಆನೆಯಿಂದ ಹೊಡೆಯಲು ಆಸೆ ಆಗುತ್ತದೆ. ಆದರೆ ಓರೆಯಾಗಿ ಓಡುವ ಅವರ ಒಂಟೆ ದೂರದಲ್ಲಿ ಕಾದಿದೆ. ಕಾಲಾಳು ಸಿಕ್ಕೀತು, ಆನೆ ಹೋದೀತು!

ತಪ್ಪು ಎಲ್ಲರಿಗೂ ಆಗುತ್ತದೆ. ತಿದ್ದಿಕೊಳ್ಳುವುದು ಹೇಗೆ? ದೊಡ್ಡ ಪಂದ್ಯಗಳಲ್ಲಿ ಆಟಗಾರರು ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯುತ್ತಾರೆ. ಪ್ರತಿ ಮನೆಗೂ ಒಂದು ಅಕ್ಷರ, ಒಂದು ಅಂಕಿ ಸೇರಿದ ಹೆಸರಿದೆ. ಸೋತ ಮೇಲೆ ಆ ಹಾಳೆ ಓದುತ್ತಾರೆ. ಮತ್ತೆ ಕಾಯಿ ಜೋಡಿಸಿ, ಎಲ್ಲಿ ಎಡವಿದೆ ಅಂತ ಹುಡುಕುತ್ತಾರೆ.

ಚದುರಂಗದ ದೊಡ್ಡ ಬಿರುದು ಗ್ರ್ಯಾಂಡ್‌ಮಾಸ್ಟರ್. ನಮ್ಮ ರಾಜ್ಯಕ್ಕೆ ಅದನ್ನು ಮೊದಲು ತಂದವರು ಮೈಸೂರಿನ ತೇಜ್‌ಕುಮಾರ್, 2017ರಲ್ಲಿ. ಆಂಧ್ರದ ಕೊನೇರು ಹಂಪಿ ತಂದೆಯಿಂದ ಆಟ ಕಲಿತರು. 2002ರಲ್ಲಿ, 15ನೇ ವಯಸ್ಸಿಗೇ ಆ ಬಿರುದು ಪಡೆದರು. 2017ರಲ್ಲಿ ಮಗಳು ಹುಟ್ಟಿದಳು. ಆಟಕ್ಕೆ ಬಿಡುವು ಕೊಟ್ಟರು. ಮತ್ತೆ ಮಣೆಯ ಮುಂದೆ ಕೂತರು. ಬೇಗ ಮುಗಿಯುವ ರ‍್ಯಾಪಿಡ್ ಆಟದಲ್ಲಿ 2019ರಲ್ಲಿ, 2024ರಲ್ಲಿ ಮಹಿಳಾ ವಿಶ್ವ ಚಾಂಪಿಯನ್ ಆದರು.

ನಮಗೂ ಇದು ಬೇಕು. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಕೇಳ್ರಿ: "ಮುಂದೇನಾಗುತ್ತದೆ?" ಕೊಟ್ಟದ್ದು, ತಂದದ್ದು ಬರೆದಿಡ್ರಿ. ಬಾಯಿಲೆಕ್ಕ ಮರೆತೀತು. ಬರೆದ ಲೆಕ್ಕ ತಪ್ಪನ್ನು ತೋರಿಸುತ್ತದೆ.