ಮಾಧ್ಯಮಿಕ ತರಗತಿಗಳಲ್ಲಿ ಐಚ್ಛಿಕ ವಿಷಯದ ಆಯ್ಕೆ: ರೈತ ಕುಟುಂಬಗಳು ಗಮನಿಸತಕ್ಕ ಅಂಶಗಳು

ಬಿತ್ತನೆಗೆ ಮುಂಚೆ ಬೀಜವನ್ನು ಕೈಯಲ್ಲಿ ಹಿಡಿದು ನೋಡಿ, ಜೊಳ್ಳನ್ನು ಬೇರ್ಪಡಿಸಿ, ಭೂಮಿಯ ಗುಣವನ್ನು ತಿಳಿದು ಬಿತ್ತುವುದು ಬಲ್ಲ ರೈತನ ಪದ್ಧತಿ. ಆದರೆ ಅದೇ ರೈತನು, ತನ್ನ ಮಗನಾಗಲಿ ಮಗಳಾಗಲಿ ಶಾಲೆಯಲ್ಲಿ ಒಂದು ಐಚ್ಛಿಕ ವಿಷಯವನ್ನು ಆರಿಸಿಕೊಳ್ಳಬೇಕಾದ ಸಂದರ್ಭದಲ್ಲಿ ಅಷ್ಟು ಪರೀಕ್ಷೆಯನ್ನೂ ಮಾಡದೆ, ನೆರೆಮನೆಯ ಹುಡುಗನು ತೆಗೆದುಕೊಂಡದ್ದನ್ನೇ ತನ್ನ ಮಕ್ಕಳಿಗೂ ಬರೆಯಿಸಿ ಬರುವುದುಂಟು. ಇದರಿಂದ ಒಂದು ಬೆಳೆಯಲ್ಲ, ಮಗುವಿನ ಹಲವು ವರ್ಷಗಳು ವ್ಯರ್ಥವಾಗಬಹುದು.

ಈ ಪಾಠಗಳ ಉದ್ದೇಶ

ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗೆ ಪುಸ್ತಕಪಾಠದೊಡನೆ ಕೈಕೆಲಸವನ್ನೂ ಕಲಿಸಬೇಕೆಂಬುದು ಹೊಸ ಮಾತಲ್ಲ. 1937ನೆಯ ಇಸವಿ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಸಮ್ಮೇಲನವು ಇದನ್ನು ಎತ್ತಿಹಿಡಿಯಿತು; ಡಾ. ಜಾಕಿರ್ ಹುಸೇನರ ಸಮಿತಿಯು ಅದಕ್ಕೆ ಪಾಠಕ್ರಮವನ್ನು ಒದಗಿಸಿತು. 1964-66ರ ಕೊಠಾರಿ ಆಯೋಗವು ಇದನ್ನೇ ಕಾರ್ಯಾನುಭವವೆಂದು ಕರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಈ ಮೂರು ತರಗತಿಗಳ ಅವಧಿಯಲ್ಲಿ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕಸಬುದಾರರ ಬಳಿ ಕಲಿಯಬೇಕೆಂದು ಸೂಚಿಸಿತು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಸಬುಗಳನ್ನು ಮೂರು ವರ್ಗವಾಗಿ ವಿಂಗಡಿಸಿದೆ: ಗಿಡಮರ ಮತ್ತು ಪ್ರಾಣಿಗಳೊಡನೆ ಮಾಡುವ ಕೆಲಸ, ಯಂತ್ರ ಮತ್ತು ಸಾಮಗ್ರಿಗಳೊಡನೆ ಮಾಡುವ ಕೆಲಸ, ಜನಸೇವೆಯ ಕೆಲಸ. ಎಲ್ಲ ಶಾಲೆಗಳಲ್ಲಿಯೂ ಏರ್ಪಾಡು ಒಂದೇ ಬಗೆಯಾಗಿರುವುದಿಲ್ಲವಾದುದರಿಂದ, ತಮ್ಮ ಊರಿನ ಶಾಲೆಯಲ್ಲಿ ಏನೇನು ಕಲಿಸಲಾಗುವುದೆಂಬುದನ್ನು ಮುಖ್ಯೋಪಾಧ್ಯಾಯರಿಂದಲೇ ವಿಚಾರಿಸಿ ತಿಳಿಯತಕ್ಕದ್ದು.

ವ್ಯವಸಾಯವನ್ನು ಆರಿಸಬಹುದೇ?

“ಮಣ್ಣು ಹೊರುವುದಕ್ಕೆ ಶಾಲೆಗೆ ಕಳುಹಿಸಬೇಕೇ?” ಎಂಬ ಪ್ರಶ್ನೆ ಗ್ರಾಮಗಳಲ್ಲಿ ಸಾಮಾನ್ಯ. 2010-11ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿಯು 1.55 ಹೆಕ್ಟೇರ್ ಇದ್ದುದು, 2015-16ರ ಗಣತಿಯಲ್ಲಿ 1.36 ಹೆಕ್ಟೇರಿಗೆ, ಎಂದರೆ ಸುಮಾರು 3 ಎಕರೆ 14 ಗುಂಟೆಗೆ, ಇಳಿಯಿತು. ಹೀಗೆ ಹಿಡುವಳಿ ಕಿರಿದಾದಷ್ಟೂ ಅದರಲ್ಲಿ ಜೀವಿಸತಕ್ಕವನಿಗೆ ಹೆಚ್ಚು ತಿಳಿವಳಿಕೆ ಬೇಕು. ಅದನ್ನು ಬಿಟ್ಟು ಹೋಗತಕ್ಕವನಿಗೆ ಬೇರೆ ಕಸಬಿನ ಕೈಚಳಕ ಬೇಕು. ಆದುದರಿಂದ ಭೂಮಿಯಿದೆಯೆಂಬ ಕಾರಣದಿಂದ ವ್ಯವಸಾಯವನ್ನು ಹೇರುವುದೂ, ಭೂಮಿಯ ಮೇಲಣ ಬೇಸರದಿಂದ ಅದನ್ನು ತಪ್ಪಿಸುವುದೂ ಎರಡೂ ಸರಿಯಲ್ಲ.

ಸರಿಯಾಗಿ ಕಲಿಸಿದ ವ್ಯವಸಾಯ ಪಾಠವು ಗಣಿತವೂ ಹೌದು, ವಿಜ್ಞಾನವೂ ಹೌದು. ನೂರು ರಾಗಿಕಾಳುಗಳನ್ನು ಒದ್ದೆಬಟ್ಟೆಯಲ್ಲಿಟ್ಟು ಮೊಳೆತವುಗಳನ್ನು ಎಣಿಸಿದರೆ ಶೇಕಡಾ ಲೆಕ್ಕವು ತಾನಾಗಿಯೇ ಮನದಟ್ಟಾಗುವುದು. ಪ್ರಮಾಣಿತ ರಾಗಿಬೀಜವು ನೂರಕ್ಕೆ 75ಕ್ಕೆ ಕಡಮೆಯಿಲ್ಲದಂತೆ ಮೊಳೆಯಬೇಕೆಂಬ ನಿಯಮದ ಅರ್ಥವೂ ತಿಳಿಯುವುದು. ಒಂದು ಮಿಲಿಮೀಟರ್ ಮಳೆಯಾದರೆ ಒಂದು ಗುಂಟೆ ನೆಲದ ಮೇಲೆ ಸುಮಾರು 100 ಲೀಟರ್ ನೀರು ಬಿದ್ದಂತಾಯಿತೆಂಬುದನ್ನು ಮಳೆಮಾಪಕವನ್ನಿಟ್ಟು ಲೆಕ್ಕ ಹಾಕಿದ ಬಾಲಕನು ಬದುವಿನ ಬೆಲೆಯನ್ನು ಮರೆಯಲಾರನು.

ಪರೀಕ್ಷೆಯ ಮಡಿ

ಮಗುವಿನ ಒಲವನ್ನು ತಿಳಿಯಲು ಒಂದು ಋತುವಿನ ಕೆಲಸವೇ ತಕ್ಕ ಪರೀಕ್ಷೆ. ಶಾಲೆಯ ಬಳಿ ಒಂದು ಗುಂಟೆ ಸ್ಥಳವೂ ಸ್ವಲ್ಪ ನೀರೂ ಇದ್ದರೆ ಸಾಕು. ಅದನ್ನು ಸಣ್ಣ ಮಡಿಗಳಾಗಿ ಮಾಡಿ, ಇಬ್ಬಿಬ್ಬರು ವಿದ್ಯಾರ್ಥಿಗಳಿಗೆ ಎರಡೆರಡು ಮಡಿಗಳನ್ನು ಒಪ್ಪಿಸತಕ್ಕದ್ದು. ಒಂದಕ್ಕೆ ಕಾಂಪೋಸ್ಟು ಗೊಬ್ಬರ ಹಾಕಿ, ಇನ್ನೊಂದಕ್ಕೆ ಹಾಕದೆ, ಬೀಜ, ನೀರು, ಅಂತರಗಳನ್ನು ಎರಡಕ್ಕೂ ಸಮವಾಗಿಡಬೇಕು. ಮೆಂತ್ಯದ ಸೊಪ್ಪು ಸುಮಾರು ಒಂದು ತಿಂಗಳಲ್ಲಿಯೂ ಮೂಲಂಗಿ ಸುಮಾರು ಒಂದೂವರೆ ತಿಂಗಳಲ್ಲಿಯೂ ಕೈಗೆ ಬರುವುದರಿಂದ, ಜೂನ್ ತಿಂಗಳಲ್ಲಿ ಆರಂಭಿಸಿದರೆ ದಸರಾ ರಜೆಗೆ ಮುಂಚೆ ಎರಡು ಬೆಳೆ ತೆಗೆಯಬಹುದು. ಫಸಲನ್ನು ತೂಗಿ ಪುಸ್ತಕದಲ್ಲಿ ಬರೆದಿಡಬೇಕು. ಹೇಳದೆಯೇ ಮಡಿಯ ಬಳಿಗೆ ಹೋಗುವ ಮಗು ಯಾವುದು, ಪಂಪಿನ ಯಂತ್ರದ ಬಳಿಯೇ ನಿಲ್ಲುವ ಮಗು ಯಾವುದು, ಲೆಕ್ಕದ ಪುಸ್ತಕವನ್ನೇ ಇಷ್ಟಪಡುವ ಮಗು ಯಾವುದು ಎಂಬುದು ಆ ವೇಳೆಗೆ ಉಪಾಧ್ಯಾಯರಿಗೆ ಸ್ಪಷ್ಟವಾಗುವುದು. ಆಯ್ಕೆಯು ಇದನ್ನು ಅನುಸರಿಸಿ ಆಗತಕ್ಕದ್ದು.

ತಪ್ಪಿಸತಕ್ಕ ದೋಷಗಳು

1. ಅಂಗಳ ಗುಡಿಸುವುದು, ನೀರು ಹೊರುವುದು ಇವೇ ವ್ಯವಸಾಯ ಪಾಠವಾಗಕೂಡದು. ತಪ್ಪು ಮಾಡಿದವನಿಗೆ ತೋಟದ ಕೆಲಸವನ್ನು ಶಿಕ್ಷೆಯಾಗಿ ಕೊಟ್ಟರೆ ಆ ಮಗು ಜೀವಮಾನವೆಲ್ಲ ಗುದ್ದಲಿಯನ್ನು ಅವಮಾನದ ಗುರುತೆಂದೇ ಎಣಿಸುವುದು.

2. ಅಂಕ ಕಡಮೆ ಬಂದವರನ್ನು ಮಾತ್ರ ಕೈಕೆಲಸಕ್ಕೆ ತಳ್ಳುವುದು ಅನ್ಯಾಯ.

3. ಹೆಣ್ಣುಮಕ್ಕಳಿಗೆ ಹೊಲಿಗೆಯೊಂದನ್ನೇ ಗೊತ್ತುಪಡಿಸುವುದು ತರವಲ್ಲ. ಬೀಜ ಕಾಪಾಡುವುದು, ನಾಟಿ, ಕಳೆ, ಹೈನು ಇವುಗಳಲ್ಲಿ ಹೆಂಗಸರ ದುಡಿಮೆಯೇ ಹೆಚ್ಚಾಗಿರುವಾಗ, ಮಣ್ಣು ಪರೀಕ್ಷೆಯ ಪಾಠವು ಗಂಡುಮಕ್ಕಳಿಗೆ ಮಾತ್ರ ಏಕೆ?

4. ಕೀಟನಾಶಕಗಳನ್ನು ಮಕ್ಕಳ ಕೈಗೆ ಎಷ್ಟುಮಾತ್ರಕ್ಕೂ ಕೊಡಕೂಡದು.

ಮುಂದಿನ ದಾರಿ

ಈ ವಯಸ್ಸಿನ ಆಯ್ಕೆಯು ಮುಂದಿನ ಬಾಗಿಲುಗಳನ್ನು ಮುಚ್ಚತಕ್ಕದ್ದಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡದಲ್ಲಿಯೇ ಬೋಧಿಸುವ ಎರಡು ವರ್ಷಗಳ ಕೃಷಿ ಡಿಪ್ಲೊಮಾ ಇರುತ್ತದೆ. ಕೃಷಿಯಲ್ಲಿ ಪದವಿಯನ್ನು ಬಯಸುವವರು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿರಬೇಕಾದುದರಿಂದ, ಐಚ್ಛಿಕ ವಿಷಯ ಯಾವುದಾದರೂ ಗಣಿತ ವಿಜ್ಞಾನಗಳನ್ನು ಅಲಕ್ಷ್ಯ ಮಾಡಕೂಡದು. ಆ ಪದವಿಯಲ್ಲಿ ಕೃಷಿಕರ ಮಕ್ಕಳಿಗಾಗಿ ಕಾದಿರಿಸಿದ ಸ್ಥಾನಗಳನ್ನು ಕೋರುವವರಿಗೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಉಪಕರಣ ಮುಂತಾದುವನ್ನು ಅಲ್ಲಿ ಗುರುತಿಸಬೇಕಾಗುತ್ತದೆ. ಪಹಣಿಯಲ್ಲಿ ತಂದೆಯ ಹೆಸರಿದ್ದ ಮಾತ್ರಕ್ಕೆ ಮಗುವಿಗೆ ಹುರುಳಿಕಾಳು ಯಾವುದು, ತೊಗರಿಕಾಳು ಯಾವುದೆಂಬುದು ಗೊತ್ತಾಗುವುದಿಲ್ಲ.

ಮುಖಂಡರ ಕರ್ತವ್ಯ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಗ್ರಾಮದ ಮುಖಂಡರು ತಪ್ಪದೆ ಹೋಗಿ, ಐಚ್ಛಿಕ ಪಾಠವು ಬರಿಯ ವೇಳಾಪಟ್ಟಿಯಲ್ಲಿ ಮಾತ್ರ ಇದೆಯೋ, ನಿಜವಾಗಿ ನಡೆಯುತ್ತಿದೆಯೋ ಎಂಬುದನ್ನು ವಿಚಾರಿಸಬೇಕು. ಶಾಲೆಯಲ್ಲಿ ಸ್ಥಳವಿಲ್ಲದಿದ್ದರೆ ಅನುಕೂಲವುಳ್ಳ ಜಮೀನುದಾರರು ಸಮೀಪದಲ್ಲಿ ಒಂದು ಗುಂಟೆ ನೆಲವನ್ನೂ, ಒಂದು ಗಾಡಿ ಗೊಬ್ಬರವನ್ನೂ, ಮಕ್ಕಳ ಕೈಗೆ ಒಪ್ಪುವ ನಾಲ್ಕು ಕುರ್ಚಿಗೆಗಳನ್ನೂ ಒದಗಿಸಬಹುದು. ಊರಿನ ಬಡಗಿ, ಕಮ್ಮಾರ, ಪಂಪು ರಿಪೇರಿ ಮಾಡುವವ, ರೇಷ್ಮೆ ಸಾಕುವ ಹೆಂಗಸು ಇವರನ್ನು ಶಾಲೆಗೆ ಕರೆಯಿಸಿ ಗೌರವದಿಂದ ಕೂರಿಸಿ ಮಕ್ಕಳಿಗೆ ಕಲಿಸುವಂತೆ ಕೇಳಿಕೊಳ್ಳಬಹುದು. ಇದಕ್ಕೆ ಆಗುವ ವೆಚ್ಚ ಅತ್ಯಲ್ಪ. ಜಮೀನುದಾರನ ಮಗನೂ ಕೂಲಿಯವನ ಮಗಳೂ ಅಕ್ಕಪಕ್ಕದ ಮಡಿಗಳಲ್ಲಿ ಕೆಲಸ ಮಾಡಿ, ತಮ್ಮ ತಮ್ಮ ಫಸಲನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಾದರೆ, ಯಾರ ಕೈ ಯಾವ ಕೆಲಸಕ್ಕೆ ಒಗ್ಗುವುದೆಂಬುದನ್ನು ಊರಿನವರು ಆ ತೂಕದಿಂದಲೇ ತಿಳಿದುಕೊಳ್ಳಬಹುದು.