ಸಿಮೆಂಟೂ ಅಂಗಾರಾಮ್ಲ ವಾಯುವೂ

ತಾಂಬೂಲಕ್ಕೆ ಹಚ್ಚುವ ಸುಣ್ಣವನ್ನು ವಾಚಕರೆಲ್ಲರೂ ಬಲ್ಲರು. ಕಪ್ಪೆಚಿಪ್ಪನ್ನೋ ಸುಣ್ಣಕಲ್ಲನ್ನೋ ಗೂಡಿನಲ್ಲಿ ಸುಟ್ಟು ಅದನ್ನು ಪಡೆಯುತ್ತಾರೆ. ಹಾಗೆ ಸುಡುವಾಗ ಕಲ್ಲಿನ ತೂಕ ಇಳಿಯುತ್ತದೆ. ೧೦೦ ಗ್ರಾಂ ಶುದ್ಧ ಸುಣ್ಣಕಲ್ಲನ್ನು ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಪೂರ್ತಿಯಾಗಿ ಸುಟ್ಟರೆ ೫೬ ಗ್ರಾಂ ಸುಟ್ಟಸುಣ್ಣ ಮಾತ್ರ ಉಳಿಯುವುದು. ಮಿಕ್ಕ ೪೪ ಗ್ರಾಂ ಎಲ್ಲಿ ಹೋಯಿತು? ಕಲ್ಲಿನಲ್ಲಿ ಸೆರೆಯಾಗಿದ್ದ ಅಂಗಾರಾಮ್ಲ ವಾಯು, ಎಂದರೆ ಇಂಗಾಲದ ಡೈಆಕ್ಸೈಡ್, ಬಿಡುಗಡೆ ಹೊಂದಿ ಗಾಳಿಯಲ್ಲಿ ಬೆರೆಯಿತು.

ಸಿಮೆಂಟಿನ ತೊಡಕೆಲ್ಲ ಈ ೪೪ ಗ್ರಾಮಿನಲ್ಲಿ ಅಡಗಿದೆ. ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಹಕ್ಕುಪತ್ರ ಪಡೆದುದು ೧೮೨೪ರಲ್ಲಿ. ಇಂದು ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ಪುಡಿಮಾಡಿ, ತಿರುಗುವ ಕುಲುಮೆಯಲ್ಲಿ ಸುಮಾರು ೧೪೫೦ ಡಿಗ್ರಿಯವರೆಗೆ ಕಾಯಿಸಿ, ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳನ್ನು ಪಡೆಯುತ್ತಾರೆ. ಅವನ್ನು ತುಸು ಜಿಪ್ಸಮ್ ಸೇರಿಸಿ ನುಣ್ಣಗೆ ಅರೆದುದೇ ಸಿಮೆಂಟು. ಕುಲುಮೆಯಿಂದ ಹೊರಡುವ ಅಂಗಾರಾಮ್ಲ ವಾಯುವಿನಲ್ಲಿ ಉರುವಲಿನ ಪಾಲು ಅರ್ಧಕ್ಕಿಂತ ಕಡಮೆ, ಹೆಚ್ಚಿನದು ಕಲ್ಲಿನದೇ. ಕಲ್ಲಿದ್ದಲನ್ನು ಬಿಟ್ಟು ಸೂರ್ಯನ ಶಾಖದಿಂದಲೇ ಕುಲುಮೆಯನ್ನು ಕಾಯಿಸಿದೆವೆಂದು ಭಾವಿಸಿದರೂ ಈ ಪಾಲು ತಪ್ಪದು. ಭೌತವಿಜ್ಞಾನವನ್ನು ಬೋಧಿಸುವ ನಾವು ಶಕ್ತಿಯ ಲೆಕ್ಕವನ್ನಷ್ಟೇ ನೋಡಿ ರಸಾಯನವನ್ನು ಮರೆಯುವುದುಂಟು! ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೪೦೦ ಕೋಟಿ ಟನ್ ಸಿಮೆಂಟು ತಯಾರಾಗುತ್ತದೆ. ಮಾನವನು ವಾತಾವರಣಕ್ಕೆ ಸೇರಿಸುವ ಅಂಗಾರಾಮ್ಲ ವಾಯುವಿನಲ್ಲಿ ನೂರಕ್ಕೆ ಏಳೆಂಟು ಪಾಲು ಇದರಿಂದಲೇ ಬರುವುದು.

ಹಾಗಾದರೆ ಮಾಡತಕ್ಕದ್ದೇನು? ಕ್ಲಿಂಕರನ್ನೇ ಕಡಮೆ ಬಳಸಬೇಕು. ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನೂ ಕಬ್ಬಿಣದ ಕುಲುಮೆಗಳ ಕಿಟ್ಟವನ್ನೂ ಸಿಮೆಂಟಿಗೆ ಬೆರೆಸುವುದು ಈಗಾಗಲೇ ರೂಢಿಯಲ್ಲಿದೆ. ಹಾರುಬೂದಿ ಬೆರೆತ ಕಾಂಕ್ರೀಟು ಮೊದಲ ದಿನಗಳಲ್ಲಿ ನಿಧಾನವಾಗಿ ಬಲಗೊಳ್ಳುವುದರಿಂದ ಅದಕ್ಕೆ ಹೆಚ್ಚು ದಿನ ನೀರುಣಿಸಬೇಕು. ಅವಸರದ ಮೇಸ್ತ್ರಿಗೆ ಇದು ಒಗ್ಗದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಹಾರುಬೂದಿ ದೊರೆಯುವುದು ಕಲ್ಲಿದ್ದಲು ಉರಿಯುವಲ್ಲಿ. ಕಲ್ಲಿದ್ದಲನ್ನು ಬಿಡಹೊರಟವರು ಅದರ ಬೂದಿಯನ್ನು ನೆಚ್ಚಿ ಕೂರುವಂತಿಲ್ಲ.

ಜೇಡಿಮಣ್ಣಿನ ಮಾತು ಬೇರೆ. ಕೆಯೋಲಿನ್ ಇರುವ ಜೇಡಿಯನ್ನು ೭೦೦ರಿಂದ ೮೫೦ ಡಿಗ್ರಿಗಳಲ್ಲಿ ಸುಟ್ಟರೆ ಅದರೊಳಗಿನಿಂದ ಹೊರಡುವುದು ಬರಿಯ ನೀರಾವಿ. ಸ್ವಿಟ್ಸರ್‌ಲೆಂಡಿನ ಲೊಸಾನ್ ನಗರದ ಕ್ಯಾರೆನ್ ಸ್ಕ್ರಿವೆನರ್ ಮೊದಲಾದವರು ಕ್ಯೂಬಾ ಮತ್ತು ಭಾರತದ ಸಂಶೋಧಕರೊಡನೆ ಕೂಡಿ ಇದರಿಂದ ಹೊಸ ಸಿಮೆಂಟೊಂದನ್ನು ರೂಪಿಸಿದ್ದಾರೆ. ಅದರಲ್ಲಿ ಕ್ಲಿಂಕರ್ ೫೦ ಪಾಲು, ಸುಟ್ಟ ಜೇಡಿ ೩೦, ಸುಡದ ಸುಣ್ಣಕಲ್ಲಿನ ಪುಡಿ ೧೫, ಜಿಪ್ಸಮ್ ೫. ಸುಣ್ಣಕಲ್ಲನ್ನು ಸುಡದೆಯೇ ಸೇರಿಸುವುದರಿಂದ ಅದರೊಳಗಿನ ವಾಯು ಅಲ್ಲಿಯೇ ಉಳಿಯುತ್ತದೆ. ಹೊರಬೀಳುವ ಅಂಗಾರಾಮ್ಲ ವಾಯು ನೂರಕ್ಕೆ ಮೂವತ್ತರಿಂದ ನಲವತ್ತು ಪಾಲು ತಗ್ಗುತ್ತದೆ. ಭಾರತವು ೨೦೨೩ರಲ್ಲಿ ಈ ಬಗೆಯ ಸಿಮೆಂಟಿಗೆ ಮಾನಕವನ್ನು ಪ್ರಕಟಿಸಿತು.

ಸುಟ್ಟ ಜೇಡಿಯ ಗುಣ ನಮ್ಮವರಿಗೆ ಹೊಸದಲ್ಲ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದುದು ಸುರ್ಕಿ ಗಾರೆ, ಎಂದರೆ ಇಟ್ಟಿಗೆಯ ಪುಡಿ ಮತ್ತು ಸುಣ್ಣ. ಆ ಸುಣ್ಣಕ್ಕಾಗಿಯೂ ಕಲ್ಲನ್ನು ಸುಟ್ಟದ್ದು ನಿಜ. ಆದರೆ ಸುಟ್ಟ ಮಣ್ಣಿನ ಸಿಲಿಕ, ಅಲ್ಯೂಮಿನಗಳು ನೀರಿನ ನೆರವಿನಿಂದ ಸುಣ್ಣದೊಡನೆ ಕೂಡಿ ಕಲ್ಲಾಗುವ ಕ್ರಿಯೆ ಎರಡರಲ್ಲಿಯೂ ಒಂದೇ. ಆ ಗಾರೆ ಇಂದಿಗೂ ಕಾವೇರಿಯನ್ನು ತಡೆದು ನಿಲ್ಲಿಸಿದೆ.