ಭೀಮಾ ತೀರಕ್ಕೆ ಬಂದ ಸ್ಕಾರ್ಫು

ಸಂಜೆ ಸಾಲಿ ಬಿಟ್ಟ ಗಂಟೆ ಹೊಡೆದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಪ್ರೌಢಶಾಲೆಯ ಮೈದಾನ ಖಾಲಿಯಾಗಲು ಹೆಚ್ಚು ಹೊತ್ತು ಬೇಕಿಲ್ಲ. ಮಕ್ಕಳು ತಮ್ಮ ತಮ್ಮ ಹಳ್ಳಿಯ ದಾರಿ ಹಿಡಿಯುತ್ತಾರೆ. ಕಲಬುರಗಿಯಿಂದ ಓಡಾಡುವ ಶಿಕ್ಷಕರು ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕುತ್ತಾರೆ. ಆ ಬಸ್ಸು ಬಿಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಒಬ್ಬರು ಉಳಿದರೆ ಆ ಶಾಲೆಯಲ್ಲಿ ಸ್ಕೌಟ್ ದಳ ಇದೆ ಎಂದು ಅರ್ಥ. ಕಡತದಲ್ಲಿರುವ ದಳಗಳ ಲೆಕ್ಕ ಬೇರೆ, ಸಂಜೆ ಮೈದಾನದಲ್ಲಿ ಕಾಣುವ ದಳಗಳ ಲೆಕ್ಕ ಬೇರೆ.

ಹೀಗೆ ಉಳಿದವರಿಗೆ ಹೆಚ್ಚಿನ ಸಂಬಳವಿಲ್ಲ. ಪಾಠದ ಅವಧಿಯಲ್ಲಿ ರಿಯಾಯಿತಿಯೂ ಅಷ್ಟಕ್ಕಷ್ಟೆ. ಮೇಲಾಗಿ ಪಾಲಕರ ಪ್ರಶ್ನೆ ಬೇರೆ: ‘ಮಾಸ್ತರ್ರ, ನಮ್ಮ ಹುಡುಗ ಸಾಲಿ ಬಿಟ್ಟ ಮ್ಯಾಲ ಎಲ್ಲಿ ನಿಲ್ಲಲತ್ತಾನ್ರಿ? ಮನಿಯಾಗ ದನಕ್ಕ ನೀರ ಕುಡಸೋರು ಯಾರು?’ ಸ್ಕೌಟ್ ಚಳವಳಿಗೆ ನೂರು ವರ್ಷ ದಾಟಿದೆ. ಅದು ಈ ತೊಗರಿ ನಾಡಿಗೆ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ನೋಡಿದರೆ, ಮೊದಲಿನಿಂದ ಕೊನೆಯವರೆಗೂ ಇಂಥ ಉಳಿದವರೇ ಕಾಣಸಿಗುತ್ತಾರೆ.

ಬೆಂಗಳೂರಿಗೆ ಬಂತು, ನಮ್ಮವರಿಗೆ ಸಿಗಲಿಲ್ಲ

ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತರಷ್ಟು ಹುಡುಗರನ್ನು ಕರೆದೊಯ್ದು ಶಿಬಿರ ನಡೆಸಿದರು. ಉಳ್ಳವರ ಮಕ್ಕಳು, ದುಡಿಯುವವರ ಮಕ್ಕಳು ಒಂದೇ ಡೇರೆಯಲ್ಲಿ ಮಲಗಿದರು. ಮರುವರ್ಷ ಅವರ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಬಂತು. ಅದನ್ನು ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಾವೇ ದಳ ಕಟ್ಟಿಕೊಂಡರು. ಸಂಸ್ಥೆ ಅವರ ಹಿಂದೆ ಓಡಿಬರಬೇಕಾಯಿತು.

ಭಾರತಕ್ಕೆ ಅದು ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಅಲ್ಲಿ ಮೊದಲ ದಳ ಆರಂಭಿಸಿದರು. 1911ರಲ್ಲಿ ಜಬಲ್‌ಪುರದಲ್ಲಿ ಗರ್ಲ್ ಗೈಡ್ಸ್ ಶುರುವಾಯಿತು. ಆದರೆ ಇವು ಇದ್ದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಕ್ಷೆ ಓದುವುದು, ಸಂಕೇತ ಕಳಿಸುವುದು, ಗುಂಪಾಗಿ ಶಿಸ್ತಿನಿಂದ ಚಲಿಸುವುದು – ಇವನ್ನೆಲ್ಲ ಭಾರತೀಯ ಹುಡುಗರಿಗೆ ಕಲಿಸಿದರೆ ನಾಳೆ ತಮ್ಮ ಮೇಲೇ ತಿರುಗಿಬಿದ್ದಾರು ಎಂಬ ಅಳುಕು ಆಳುವವರಿಗಿತ್ತು.

ಕಾಯುತ್ತ ಕೂಡದವರು ತಮ್ಮದೇ ದಾರಿ ಮಾಡಿಕೊಂಡರು. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ವಿವಿಯನ್ ಬೋಸ್ ಮಧ್ಯಪ್ರಾಂತ್ಯದಲ್ಲಿ, ಶ್ರೀರಾಮ್ ಬಾಜಪೇಯಿ ಶಾಹಜಹಾನ್‌ಪುರದಲ್ಲಿ ಭಾರತೀಯ ಹುಡುಗರ ದಳ ಕಟ್ಟಿದರು. 1916ರಲ್ಲಿ ಆನಿ ಬೆಸೆಂಟ್ ಮದ್ರಾಸಿನಲ್ಲಿ ‘ಇಂಡಿಯನ್ ಬಾಯ್ ಸ್ಕೌಟ್ಸ್ ಅಸೋಸಿಯೇಷನ್’ ಆರಂಭಿಸಿದರು. ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು ಅವರು ಬಾಜಪೇಯಿ ಅವರೊಡನೆ ಸೇರಿ 1918ರಲ್ಲಿ ಸೇವಾ ಸಮಿತಿ ಸ್ಕೌಟ್ ಸಂಘಟನೆಗೆ ರೂಪ ಕೊಟ್ಟರು. ಮೈಸೂರು ಸಂಸ್ಥಾನದಲ್ಲಿ ಅರಮನೆಯ ಬೆಂಬಲದಿಂದ ಚಳವಳಿ ಬೇಗ ಬೇರೂರಿತು. ದೊಡ್ಡಬಳ್ಳಾಪುರದಲ್ಲಿರುವ ರಾಜ್ಯ ತರಬೇತಿ ಕೇಂದ್ರಕ್ಕೆ ಬೆಸೆಂಟ್ ಹೆಸರಿರುವುದು ಆ ಕಾಲದ ಋಣಕ್ಕಾಗಿ.

ಹೊಳೆಯಾಚೆ ಒಂದು ರಾಜ್ಯ, ಈಚೆ ಒಂದು ರಾಜ್ಯ

ಆಗ ನಮ್ಮ ಮೂರು ತಾಲ್ಲೂಕುಗಳ ಸ್ಥಿತಿ ವಿಚಿತ್ರವಾಗಿತ್ತು. ಅಫಜಲಪುರದಲ್ಲಿ ಭೀಮಾ ದಂಡೆಯ ಮೇಲೆ ನಿಂತರೆ ಎದುರು ದಂಡೆಯ ಇಂಡಿ, ಸಿಂದಗಿ ಸೀಮೆ ಬ್ರಿಟಿಷರ ಮುಂಬೈ ಪ್ರಾಂತ್ಯ. ನಿಂತ ನೆಲ ಹೈದರಾಬಾದ್ ನಿಜಾಮರದು. ಆಳಂದದ ಪಕ್ಕದ ಅಕ್ಕಲಕೋಟೆ ಮತ್ತೊಂದು ಸಂಸ್ಥಾನ. ಜೇವರ್ಗಿಯ ರೈತ ಸಿಂದಗಿ ಸಂತೆಗೆ ಹೋದರೆ ಸರ್ಕಾರವೇ ಬದಲಾಗುತ್ತಿತ್ತು.

ಹೊಳೆಯಾಚೆಯ ಮುಂಬೈ ಕರ್ನಾಟಕದಲ್ಲಿ ಸ್ವಯಂಸೇವಕರ ದೊಡ್ಡ ಪಡೆಯೇ ಎದ್ದಿತು. ಧಾರವಾಡದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದುವಾಗ ಲಾಲಾ ಲಜಪತರಾಯರ ಜೊತೆ ದುಡಿದು ಬಂದಿದ್ದ ಡಾ. ನಾ.ಸು. ಹರ್ಡೀಕರ್ ಹುಬ್ಬಳ್ಳಿಯ ತರುಣರನ್ನು ಕಟ್ಟಿಕೊಂಡು 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಹೋದರು. ಜೈಲಿನಲ್ಲಿ ಕ್ಷಮಾಪಣೆ ಬರೆದುಕೊಡಲು ಒಪ್ಪದ ಆ ತಂಡದ ಗಟ್ಟಿತನ ದೇಶದ ಕಣ್ಣಿಗೆ ಬಿತ್ತು. ಶಿಸ್ತು ಕಲಿತ ಸ್ವಯಂಸೇವಕರು ಕಾಂಗ್ರೆಸ್ಸಿಗೆ ಬೇಕು ಎಂಬ ಹರ್ಡೀಕರರ ಮಾತಿಗೆ ಅದೇ ವರ್ಷದ ಕಾಕಿನಾಡ ಅಧಿವೇಶನದಲ್ಲಿ ನೆಹರೂ ದನಿಗೂಡಿಸಿದರು. ಹೀಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ನೀರು, ನೈರ್ಮಲ್ಯ, ಜನಸಂದಣಿ ನಿರ್ವಹಣೆಗೆಲ್ಲ ಸ್ವಯಂಸೇವಕರು ಹೆಗಲು ಕೊಟ್ಟರು. ಮಹಿಳಾ ವಿಭಾಗಕ್ಕೆ ಉಮಾಬಾಯಿ ಕುಂದಾಪುರ ಬೆನ್ನೆಲುಬಾದರು. 1932ರಲ್ಲಿ ಬ್ರಿಟಿಷರು ಸಂಘಟನೆಯನ್ನೇ ನಿಷೇಧಿಸಿದರು. ಸ್ವಾತಂತ್ರ್ಯಾನಂತರ ಅದೇ ಬೇರಿನಿಂದ ಚಿಗುರಿದ ಭಾರತ ಸೇವಾದಳ ಇಂದಿಗೂ ನಮ್ಮ ಶಾಲೆಗಳಲ್ಲಿ ಸ್ಕೌಟ್ ದಳದ ಪಕ್ಕದಲ್ಲೇ ಕವಾಯತು ಮಾಡುತ್ತದೆ.

ಹೊಳೆಯ ಈಚೆ ಅಂಥದ್ದಕ್ಕೆಲ್ಲ ಎಡೆಯಿರಲಿಲ್ಲ. ನಿಜಾಮರ ರಾಜ್ಯದಲ್ಲೂ ಸ್ಕೌಟ್ ಸಂಘಟನೆ ಇತ್ತು. ಆದರೆ ಹಳ್ಳಿಗಳಲ್ಲಿ ಶಾಲೆಯೇ ಅಪರೂಪ, ಇದ್ದರೂ ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ. 1929ರ ‘ಗಸ್ತಿ 53’ ಎಂಬ ಸುತ್ತೋಲೆಯ ಪ್ರಕಾರ ಸಭೆ ಸೇರುವುದಕ್ಕೂ ಮೊದಲೇ ಅಪ್ಪಣೆ ಬೇಕಿತ್ತು. ಊರಿನ ಹತ್ತು ಹುಡುಗರು ಒಂದೇ ಬಣ್ಣದ ಬಟ್ಟೆ ತೊಟ್ಟು ಮೈದಾನದಲ್ಲಿ ಸಾಲಾಗಿ ನಿಂತರೆ ಅದು ಆಟವಾಗಿ ಉಳಿಯುತ್ತಿರಲಿಲ್ಲ. ಕಲಬುರಗಿಯಲ್ಲಿ 1907ರಲ್ಲೇ ಹುಟ್ಟಿದ ನೂತನ ವಿದ್ಯಾಲಯದಂಥ ಸಂಸ್ಥೆಗಳು ತಾಲ್ಲೂಕುಗಳಿಗೆ ದೂರದ ದೀಪವಾಗಿದ್ದವು. ದಕ್ಷಿಣದ ಮೈಸೂರಿನವರಿಗೆ ಅರಮನೆ, ಪಶ್ಚಿಮದ ಹುಬ್ಬಳ್ಳಿಯವರಿಗೆ ಹರ್ಡೀಕರ್ ಇದ್ದ ಕಾಲದಲ್ಲಿ ಈ ಸೀಮೆ ಒಂದು ತಲೆಮಾರು ಹಿಂದೆ ಬಿತ್ತು.

ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್ 17ರಂದು ಭಾರತಕ್ಕೆ ಸೇರಿತು. ಅತ್ತ ದೆಹಲಿಯಲ್ಲಿ ಹರಿದು ಹಂಚಿಹೋಗಿದ್ದ ಸ್ಕೌಟ್ ಸಂಘಟನೆಗಳನ್ನು ಒಂದುಗೂಡಿಸಲು ನೆಹರೂ, ಮೌಲಾನಾ ಆಜಾದ್, ಕುಂಜ್ರು, ಬಾಜಪೇಯಿ, ಬೋಸ್ ಮೊದಲಾದವರು ಕೂತರು. 1950ರ ನವೆಂಬರ್ 7ರಂದು ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಅಸ್ತಿತ್ವಕ್ಕೆ ಬಂತು; ಮುಂದಿನ ವರ್ಷ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಕೂಡ ಸೇರಿಕೊಂಡಿತು. ಲಾಂಛನದ ನಡುವೆ ಅಶೋಕ ಚಕ್ರ ಬಂತು. 1956ರ ನವೆಂಬರ್ 1ರಂದು ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿನ ಶಿಕ್ಷಕರಿಗೂ ರಾಜ್ಯ ಸಂಸ್ಥೆಯ ತರಬೇತಿಯ ಬಾಗಿಲು ತೆರೆಯಿತು. ದಾವಣಗೆರೆ ಬಳಿಯ ಕೊಂಡಜ್ಜಿಯಲ್ಲಿ ಕೊಂಡಜ್ಜಿ ಬಸಪ್ಪನವರ ಶ್ರಮದಿಂದ ರೂಪುಗೊಂಡ ಶಿಬಿರ ಕೇಂದ್ರ ಉತ್ತರದ ಜಿಲ್ಲೆಗಳವರಿಗೂ ನೆಲೆಯಾಯಿತು.

ಒಂದು ಹಗ್ಗ, ಮೂರು ಗಂಟು

ಇನ್ನು ದಳ ನಡೆಯುವ ಬಗೆ. ಆರೆಂಟು ಮಕ್ಕಳದು ಒಂದು ಪಟ್ರೋಲ್, ಅದಕ್ಕೊಬ್ಬ ನಾಯಕ. ಅಂಥ ನಾಲ್ಕು ಪಟ್ರೋಲ್ ಸೇರಿದರೆ ಮೂವತ್ತೆರಡು ಮಕ್ಕಳ ಪೂರ್ಣ ದಳ. ಹುಡುಗರ ಪಟ್ರೋಲಿಗೆ ಪ್ರಾಣಿ ಪಕ್ಷಿಗಳ ಹೆಸರು, ಗೈಡ್‌ಗಳಿಗೆ ಹೂವಿನ ಹೆಸರು. ಚಿಕ್ಕ ಮಕ್ಕಳು ಕಬ್ ಮತ್ತು ಬುಲ್‌ಬುಲ್. ಕಾಲೇಜಿನವರು ರೋವರ್, ರೇಂಜರ್. ಹುಡುಗರಿಗೆ ಸ್ಕೌಟ್ ಮಾಸ್ಟರ್, ಹುಡುಗಿಯರಿಗೆ ಗೈಡ್ ಕ್ಯಾಪ್ಟನ್. ಈ ಹುದ್ದೆಗೆ ಬರುವವರು ಮೊದಲು ಏಳು ದಿನದ ಮೂಲ ತರಬೇತಿ ಶಿಬಿರದಲ್ಲಿ ಉಳಿದು ಬರಬೇಕು. ಅಲ್ಲಿ ಹೆಡ್‌ಮಾಸ್ಟರಿಗೂ ಕಸ ಗುಡಿಸುವ ಸರದಿ ತಪ್ಪುವುದಿಲ್ಲ.

ಕಲಿಸುವ ರೀತಿಗೆ ಗಂಟಿನ ಪಾಠವೇ ಒಳ್ಳೆಯ ಉದಾಹರಣೆ. ಮೊದಲನೆಯದು ರೀಫ್ ನಾಟ್. ಬಲದ ತುದಿ ಎಡದ ಮೇಲೆ, ಮತ್ತೆ ಎಡದ ತುದಿ ಬಲದ ಮೇಲೆ. ಸರಿಯಾಗಿ ಬಿದ್ದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ, ಗಾಯದ ಪಟ್ಟಿಗೆ ಕಟ್ಟಿದರೆ ಒತ್ತುವುದಿಲ್ಲ. ಎರಡು ಸಲವೂ ಬಲವನ್ನೇ ಮೇಲೆ ತಂದರೆ ನೋಡಲು ಗಂಟಿನಂತೆಯೇ ಇರುತ್ತದೆ, ಎಳೆದರೆ ಜಾರುತ್ತದೆ. ಎರಡನೆಯದು ಕ್ಲೋವ್ ಹಿಚ್, ಕಂಬಕ್ಕೆ ಹಾಕುವ ಜೋಡಿ ಸುತ್ತು. ಒಕ್ಕಲುತನದ ಮನೆಯ ಮಕ್ಕಳು ಇದನ್ನು ಕಲಿಯುವುದಿಲ್ಲ, ಗುರುತು ಹಿಡಿಯುತ್ತಾರೆ: ‘ಸರ್, ಇದು ನಮ್ಮ ಕಾಕಾ ಗೂಟಕ್ಕ ಎತ್ತು ಕಟ್ಟೂದಲ್ರಿ!’ ಪುಸ್ತಕದ ಪಾಠದಲ್ಲಿ ಹಿಂದೆ ಕೂರುವ ಹುಡುಗ ಆ ಸಂಜೆ ಪಟ್ರೋಲಿಗೆ ಕಲಿಸುವವನಾಗುತ್ತಾನೆ. ಮೂರನೆಯದು ಬೋಲೈನ್, ಎಷ್ಟು ಎಳೆದರೂ ಬಿಗಿಯಾಗದ ಕುಣಿಕೆ. ಬಾವಿಗೆ ಬಿದ್ದವರ ಎದೆಗೆ ಹಾಕಿ ಮೇಲೆತ್ತಲು ತಕ್ಕದ್ದು.

ಭೀಮಾ ದಂಡೆಯವರಿಗೆ ಈ ತರಬೇತಿ ಬರಿಯ ಆಟವಲ್ಲ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಮಳೆ, ಅಣೆಕಟ್ಟೆಗಳಿಂದ ಬಿಟ್ಟ ನೀರು ಎರಡೂ ಸೇರಿ ಸೊನ್ನ ಬ್ಯಾರೇಜು ದಾಟಿ ಬಂದಾಗ ಅಫಜಲಪುರ, ಜೇವರ್ಗಿಯ ನದಿಪಾತ್ರದ ಹಳ್ಳಿಗಳು ಮುಳುಗಿ, ಜನ ಕಾಳಜಿ ಕೇಂದ್ರ ಸೇರಬೇಕಾಯಿತು. ಹದಿನಾಲ್ಕರ ಹುಡುಗನನ್ನು ಪ್ರವಾಹಕ್ಕೆ ಇಳಿಸುವಂತಿಲ್ಲ, ಇಳಿಸಲೂಬಾರದು. ಆದರೆ ಕೇಂದ್ರಕ್ಕೆ ಬಂದವರ ಹೆಸರು ಬರೆದುಕೊಳ್ಳುವುದು, ಕುಡಿಯುವ ನೀರಿನ ಸಾಲು ನೋಡಿಕೊಳ್ಳುವುದು, ಬೆದರಿದ ಮಕ್ಕಳನ್ನು ಆಡಿಸುವುದು ಸ್ಕೌಟಿಗೆ ಹೇಳಿಮಾಡಿಸಿದ ಕೆಲಸ. ದತ್ತ ಜಯಂತಿಗೆ ದೇವಲ ಗಾಣಗಾಪುರಕ್ಕೆ ಬರುವ ಜನಸಾಗರ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸು – ತಪ್ಪಿಸಿಕೊಂಡ ಮಗುವನ್ನು ತಾಯಿಗೆ ಮುಟ್ಟಿಸುವ ಪಾಠಕ್ಕೆ ಇದಕ್ಕಿಂತ ದೊಡ್ಡ ಶಾಲೆ ಬೇಕಿಲ್ಲ.

ವರ್ಗಾವಣೆ ಎಂಬ ಗಂಡಾಂತರ

ದಳ ಶುರು ಮಾಡುವುದು ಸುಲಭ. ಶಾಲೆ ನೋಂದಾಯಿಸಿ, ತರಬೇತಿಗೆ ಒಬ್ಬರನ್ನು ಕಳಿಸಿ, ದಾನಿಗಳಿಂದ ಸಮವಸ್ತ್ರ ಕೊಡಿಸಿದರೆ ಆಯಿತು. ಕಷ್ಟವಿರುವುದು ನಾಲ್ಕನೆಯ ವರ್ಷದಲ್ಲಿ. ಸ್ಕೌಟು, ಗೈಡು ಏರಬೇಕಾದ ಮೆಟ್ಟಿಲುಗಳೇ ಹಲವು: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಬೇಕು. ಎಂಟನೆಯ ತರಗತಿಯಲ್ಲಿ ಸೇರಿದ ಹುಡುಗಿ ರಾಜ್ಯ ಪುರಸ್ಕಾರದ ಹೊತ್ತಿಗೆ ಎಸ್ಸೆಸ್ಸೆಲ್ಸಿ ಎದುರಿಗೆ ನಿಂತಿರುತ್ತಾಳೆ. ಹಾಗಾಗಿ ಬಲ್ಲ ಸ್ಕೌಟ್ ಮಾಸ್ಟರುಗಳು ಹೈಸ್ಕೂಲಿಗೆ ಕಾಯದೆ ಪಕ್ಕದ ಹಿರಿಯ ಪ್ರಾಥಮಿಕ ಶಾಲೆಯ ಆರನೆಯ ತರಗತಿಯಿಂದಲೇ ಮಕ್ಕಳನ್ನು ಹಿಡಿಯುತ್ತಾರೆ.

ನಡುವೆ ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಮನೆಯವರೊಂದಿಗೆ ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮಕ್ಕಳು ಬೇರೆ. ಏಪ್ರಿಲ್‌ನಲ್ಲಿ ಮೈದಾನಕ್ಕೆ ಕಾಲಿಡಲಾಗದ ಬಿಸಿಲು. ಹೆಣ್ಣುಮಕ್ಕಳನ್ನು ರಾತ್ರಿ ಶಿಬಿರಕ್ಕೆ ಕಳಿಸಲು ಪಾಲಕರು ಒಪ್ಪಬೇಕಾದರೆ ಗೈಡ್ ಕ್ಯಾಪ್ಟನ್ ಮನೆಮನೆಗೆ ಹೋಗಿ ‘ನಾ ಸಂಗಡ ಇರ್ತೀನವ್ವ, ಚಿಂತಿ ಬ್ಯಾಡ’ ಎನ್ನಬೇಕು. ಇದಕ್ಕೆ ಬದಲಿ ಸುತ್ತೋಲೆ ಇಲ್ಲ. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್‌ಗೆ ವಿಶೇಷ ಪ್ರವರ್ಗ ಇರುವುದನ್ನು ತೋರಿಸಿದರೆ ಕೆಲವು ತಂದೆ ತಾಯಿ ಮೆತ್ತಗಾಗುತ್ತಾರೆ. ಆದರೆ ಮಗಳು ಶಿಬಿರದಿಂದ ಬಂದು ಮನೆಮಂದಿಗೆಲ್ಲ ಅಡುಗೆ ಬಡಿಸುವ ಸರದಿಯನ್ನು ಅಣ್ಣನಿಗೂ ಹಂಚಿದಾಗ ಬೀಳುವ ಪರಿಣಾಮ ಬೇರೆಯದೇ.

ಇದೆಲ್ಲವನ್ನೂ ದಾಟಿದ ದಳ ಒಂದೇ ದಿನದಲ್ಲಿ ಸತ್ತುಹೋಗುವುದುಂಟು. ಕಾರಣ ವರ್ಗಾವಣೆ. ಕೌನ್ಸೆಲಿಂಗ್‌ನಲ್ಲಿ ಸ್ಕೌಟ್ ಮಾಸ್ಟರಿಗೆ ತಮ್ಮೂರಿನ ಜಾಗ ಸಿಕ್ಕರೆ ಸೀಟಿ ಅವರೊಂದಿಗೆ ಹೋಗುತ್ತದೆ. ಕಲ್ಯಾಣ ಕರ್ನಾಟಕದಲ್ಲಿ ಖಾಲಿ ಹುದ್ದೆಗಳು ಹೆಚ್ಚು. ಅತಿಥಿ ಶಿಕ್ಷಕರ ನೇಮಕ ಆಯಾ ವರ್ಷದ್ದು. ಅವರಲ್ಲಿ ಉತ್ಸಾಹ ಎಷ್ಟೇ ಇದ್ದರೂ ಮುಂದಿನ ಜೂನ್‌ನಲ್ಲಿ ಅದೇ ಶಾಲೆಯಲ್ಲಿರುವ ಖಾತ್ರಿ ಇಲ್ಲ. ಧ್ವಜ, ಹಗ್ಗ, ಡೇರೆಗಳು ಕಪಾಟಿನಲ್ಲಿ ಉಳಿಯುತ್ತವೆ, ಬೀಗದ ಕೈ ಯಾರ ಹತ್ತಿರ ಎಂಬುದೂ ಮರೆತುಹೋಗುತ್ತದೆ.

ಸ್ಥಳೀಯ ಸಂಸ್ಥೆ ಎಂಬ ವ್ಯವಸ್ಥೆ ಇರುವುದು ಇದಕ್ಕಾಗಿಯೇ. ಶಾಲೆಯ ದಳಗಳ ಮೇಲೆ ತಾಲ್ಲೂಕು ಮಟ್ಟದ ಸ್ಥಳೀಯ ಸಂಸ್ಥೆ, ಅದರ ಮೇಲೆ ಜಿಲ್ಲಾ ಸಂಸ್ಥೆ, ಆಮೇಲೆ ರಾಜ್ಯ. ಸ್ಥಳೀಯ ಸಂಸ್ಥೆಯ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಊರಿನವರೇ. ನಿವೃತ್ತ ಶಿಕ್ಷಕರು, ವ್ಯಾಪಾರಸ್ಥರು, ವಕೀಲರು, ಹಳೆಯ ಸ್ಕೌಟುಗಳು. ವರ್ಗಾವಣೆ ಆಗದವರು. ಪ್ರತಿವರ್ಷದ ನವೀಕರಣ, ನವೆಂಬರ್ 7ರ ಧ್ವಜ ದಿನದ ಸ್ಟಿಕ್ಕರ್ ಹಣದ ಲೆಕ್ಕ, ಮಕ್ಕಳು ಮೈಬಗ್ಗಿಸಿ ದುಡಿದು ತರುವ ‘ಖರಿ ಕಮಾಯಿ’ಯ ಜಮಾಖರ್ಚು – ಈ ಬೇಸರದ ಕೆಲಸಗಳನ್ನು ಅವರು ಹೊತ್ತರೆ ಶಿಕ್ಷಕರಿಗೆ ಮೈದಾನ ಉಳಿಯುತ್ತದೆ. ಎಲ್ಲಿ ಈ ಸಂಸ್ಥೆ ವರ್ಷಕ್ಕೊಮ್ಮೆ ಶಾಲು ಹೊದಿಸುವ ವೇದಿಕೆಯಾಗಿದೆಯೋ ಅಲ್ಲಿ ದಳಗಳು ಒಬ್ಬೊಬ್ಬರ ಹಟದ ಮೇಲೆ ನಿಂತಿರುತ್ತವೆ.

ಚಳವಳಿಯ ಚರಿತ್ರೆ ಹೇಳುವುದೂ ಇದನ್ನೇ. ಬೇಕರ್, ಬೋಸ್, ಬೆಸೆಂಟ್, ಹರ್ಡೀಕರ್ – ದೀಪ ಹಚ್ಚಿದವರು ಒಬ್ಬೊಬ್ಬರೇ. ಅವರ ಹಿಂದೆ ಲೆಕ್ಕ ಬರೆಯುವವರು, ಬೀಗದ ಕೈ ಕಾಯುವವರು ಇದ್ದ ಕಡೆ ಕೆಲಸ ಅವರ ಕಾಲ ಮೀರಿ ಬಾಳಿತು. ಆದ್ದರಿಂದ ಜೂನ್‌ನಲ್ಲಿ ದಳ ನವೀಕರಿಸುವಾಗ ಆಳಂದ, ಅಫಜಲಪುರ, ಜೇವರ್ಗಿಯ ಸಂಘಟಕರು ಪ್ರತಿ ಶಾಲೆಗೂ ಮೊದಲು ಕೇಳಬೇಕಾದದ್ದು ಮಕ್ಕಳೆಷ್ಟು ಎಂದಲ್ಲ, ಎರಡನೆಯ ಶಿಕ್ಷಕರು ಯಾರು ಎಂದು. ಆ ಹೆಸರನ್ನೂ ಬರೆಸಿ, ಅವರನ್ನೂ ತರಬೇತಿಗೆ ಕಳಿಸಿದ ಶಾಲೆಯಲ್ಲಿ ಮೊದಲನೆಯವರು ವರ್ಗವಾಗಿ ಹೋದರೂ ಮುಂದಿನ ವಾರದ ಹಾಜರಿ ತಪ್ಪುವುದಿಲ್ಲ.